ಪ್ಲಗ್-ಇನ್ ಹೈಬ್ರಿಡ್ ಕಾರು ಮನೆಯಲ್ಲಿ ಚಾರ್ಜ್ ಆಗುತ್ತಿಲ್ಲವೇ? ತಪಾಸಣೆಯನ್ನು ಗೋಡೆಯಿಂದ ಶುರು ಮಾಡಿ

ಚಾರ್ಜರ್ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿದ ಕೂಡಲೇ ಕೈ ಫೋನಿಗೆ ಹೋಗುತ್ತದೆ, ಫೋನು ಸರ್ವಿಸ್ ಸೆಂಟರಿಗೆ ಹೋಗುತ್ತದೆ. ನನ್ನದೂ ಹೋಗಿತ್ತು. ಮೈಸೂರಿನ ನಮ್ಮ ಮನೆ ಕಟ್ಟಿದ್ದು 1994ರಲ್ಲಿ. ಸೆಕೆಂಡ್ ಹ್ಯಾಂಡ್ ಪ್ಲಗ್-ಇನ್ ಹೈಬ್ರಿಡ್ ಕಾರು ಮನೆಗೆ ಬಂದು ಐದು ತಿಂಗಳಾಗಿತ್ತು. ಏಪ್ರಿಲ್ ಮೊದಲ ವಾರದಲ್ಲಿ ಚಾರ್ಜ್ ನಿಂತಿತು. ಸರ್ವಿಸ್ ಸೆಂಟರಿನವರು ಪೆಟ್ಟಿಗೆಯನ್ನು ತಿರುಗಿಸಿಯೂ ನೋಡದೆ ಕೇಬಲ್ ಸೆಟ್ ಪೂರ್ತಿ ಬದಲಿಸಬೇಕು, ತರಿಸಲು ಆರು ವಾರ ಬೇಕು ಎಂದರು. ಅವರು ಹೇಳಿದ ಬೆಲೆ ಕೇಳಿ ನಾನು ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕಾಯಿತು.

ಆಮೇಲೆ ಸಿಕ್ಕ ಕಾರಣ ಇಷ್ಟೇ. ಹಿಂದಿನ ವರ್ಷ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸುವಾಗ ಕೆಲಸದವರು ಅರ್ತ್ ಪಿಟ್‌ನ (ಮನೆಯ ಅರ್ತ್ ತಂತಿ ಮಣ್ಣಿಗೆ ಇಳಿಯುವ ಗುಂಡಿಯ) ಬಾಯಿಯ ಮೇಲೂ ಹಾಸಿಬಿಟ್ಟಿದ್ದರು. ಮಳೆಯ ನೀರು ಒಳಗಿಳಿಯದೆ, ಬೇಸಿಗೆಯ ಹೊತ್ತಿಗೆ ಮಣ್ಣು ಒಣಗಿ ಬೂದಿಯಂತಾಗಿ, ಅರ್ತಿಂಗ್ ಕೈಕೊಟ್ಟಿತ್ತು. ನಾಲ್ಕು ಕಲ್ಲು ಕಿತ್ತು, ಎರಡು ಬಕೆಟ್ ನೀರು ಸುರಿದು, ಕಾಫಿ ಕುಡಿದು ಬಂದು ಪ್ಲಗ್ ಹಾಕಿದರೆ ಹಸಿರು ದೀಪ.

ಎಲ್ಲರಿಗೂ ಇಷ್ಟು ಸುಲಭದಲ್ಲಿ ಮುಗಿಯುತ್ತದೆ ಎನ್ನುವುದಿಲ್ಲ. ಆದರೆ ಅಂದಿನಿಂದ ನೆಂಟರ, ನೆರೆಯವರ ಕಾರುಗಳ ದೂರು ಕೇಳುತ್ತಾ ಬಂದಿದ್ದೇನೆ. ತಪ್ಪು ಬಹುಪಾಲು ಗೋಡೆಯಲ್ಲಿರುತ್ತದೆ, ದೂಷಣೆ ಕಾರಿಗೆ ಅಥವಾ ಪೆಟ್ಟಿಗೆಗೆ ಬೀಳುತ್ತದೆ. ಆದ್ದರಿಂದ ಈ ತಪಾಸಣೆ ಗೋಡೆಯಿಂದ ಕಾರಿನ ಕಡೆಗೆ ನಡೆಯುತ್ತದೆ. ಪೂರ್ತಿ ವಿದ್ಯುತ್ ಕಾರು ಇಟ್ಟುಕೊಂಡು 16 ಆಂಪಿಯರ್ ಸಾಕೆಟ್‌ನಲ್ಲಿ ಚಾರ್ಜ್ ಮಾಡುವವರಿಗೂ ಮುಕ್ಕಾಲು ಭಾಗ ಹೀಗೆಯೇ ಅನ್ವಯವಾಗುತ್ತದೆ.

ಒಂದು ಗೆರೆ ಮೊದಲೇ ಎಳೆದುಬಿಡುತ್ತೇನೆ. ನೋಡುವುದು, ಮೂಸುವುದು, ಸ್ವಿಚ್ ಆರಿಸಿ ಮುಟ್ಟುವುದು, ದೀಪ ಎಣಿಸುವುದು ನಿಮ್ಮ ಕೆಲಸ. ಸಾಕೆಟ್ ಬಿಚ್ಚುವುದು, ಮನೆಯ ಕರೆಂಟನ್ನು ಹಂಚುವ ಡಿಬಿ ಬೋರ್ಡ್‌ನ ಮುಚ್ಚಳ ತೆಗೆಯುವುದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ. ಕಾರಿನೊಳಗಿನ ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಇಬ್ಬರೂ ಮುಟ್ಟಬಾರದು. ಅವುಗಳಲ್ಲಿ ಹರಿಯುವುದು ನೂರಾರು ವೋಲ್ಟ್‌ಗಳ ಡಿಸಿ.

ನಿಮ್ಮ ಹೈಬ್ರಿಡ್ ಯಾವುದು?

ನಗಬೇಡಿ, ಈ ಪ್ರಶ್ನೆ ನಿಜವಾಗಿಯೂ ಬರುತ್ತದೆ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಕೂಡ ಹೈಬ್ರಿಡ್ಡೇ. ಆದರೆ ಅದಕ್ಕೆ ಪ್ಲಗ್ ಇಲ್ಲ. ಎಂಜಿನ್ ಮತ್ತು ಬ್ರೇಕಿನಿಂದಲೇ ತನ್ನ ಸಣ್ಣ ಬ್ಯಾಟರಿಯನ್ನು ತುಂಬಿಕೊಳ್ಳುತ್ತದೆ. ಚಾರ್ಜಿಂಗ್ ಬಾಯಿ ಎಲ್ಲಿದೆ ಎಂದು ಮಡ್‌ಗಾರ್ಡ್ ಸುತ್ತ ಹುಡುಕಿದವರೊಬ್ಬರು ನನಗೆ ಗೊತ್ತು. ಗೋಡೆಗೆ ಸಿಕ್ಕಿಸುವ ಹೈಬ್ರಿಡ್‌ಗಳು ನಮ್ಮಲ್ಲಿ ಇನ್ನೂ ಕಡಿಮೆ: 2016ರಲ್ಲಿ ಬಂದ ವೋಲ್ವೊ ಎಕ್ಸ್‌ಸಿ90 ಟಿ8, ಬಿಎಂಡಬ್ಲ್ಯು ಎಕ್ಸ್‌ಎಂ ಮುಂತಾದ ದುಬಾರಿ ಕಾರುಗಳು. ಇವುಗಳ ಬ್ಯಾಟರಿ ಪೂರ್ತಿ ವಿದ್ಯುತ್ ಕಾರಿನಷ್ಟು ದೊಡ್ಡದಲ್ಲ. ಹತ್ತರಿಂದ ಇಪ್ಪತ್ತು ಯೂನಿಟ್ ಹಿಡಿಯುವಂಥದ್ದೇ ಹೆಚ್ಚು. ರಾತ್ರಿ ಮಲಗುವಾಗ ಸಿಕ್ಕಿಸಿದರೆ ಬೆಳಗ್ಗೆ ತುಂಬಿರಬೇಕು. ಹೆಚ್ಚಿನವು ಡಿಸಿ ಫಾಸ್ಟ್ ಚಾರ್ಜರ್ ಒಪ್ಪುವುದೂ ಇಲ್ಲ. ಹಾಗಾಗಿ ಮನೆಯ ಸಾಕೆಟ್ ಕೈಕೊಟ್ಟರೆ ಹೊರಗೆಲ್ಲೋ ಎಸಿ ಚಾರ್ಜರ್ ಹುಡುಕಬೇಕು, ಇಲ್ಲವೇ ಪೆಟ್ರೋಲಿನಲ್ಲಿ ಓಡಿಸಬೇಕು.

ಪೆಟ್ಟಿಗೆಯನ್ನು ಚಾರ್ಜರ್ ಎನ್ನುತ್ತೇವೆ, ಆದರೆ ಅದು ಚಾರ್ಜರ್ ಅಲ್ಲ

ಇದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು. ಎಸಿಯನ್ನು ಡಿಸಿ ಮಾಡಿ ಬ್ಯಾಟರಿಗೆ ತುಂಬುವ ನಿಜವಾದ ಚಾರ್ಜರ್ ಕಾರಿನ ಹೊಟ್ಟೆಯಲ್ಲಿದೆ. ಕೇಬಲ್‌ನ ನಡುವೆ ಇಟ್ಟಿಗೆಯಂತೆ ತೂಗುವ ಪೆಟ್ಟಿಗೆ, ಅಥವಾ ಗೋಡೆಗೆ ತಿರುಪು ಹಾಕಿದ ವಾಲ್‌ಬಾಕ್ಸ್, ಕಾವಲುಗಾರನಿದ್ದಂತೆ. ಅರ್ತಿಂಗ್ ಇದೆಯೇ, ವೋಲ್ಟೇಜ್ ಸರಿಯಿದೆಯೇ, ಕರೆಂಟ್ ಸೋರುತ್ತಿದೆಯೇ ಎಂದು ನೋಡಿ, ಎಲ್ಲ ಸರಿ ಇದ್ದರೆ ಮಾತ್ರ ಒಳಗಿನ ರಿಲೇ ಎಂಬ ಸ್ವಿಚ್ಚನ್ನು ಹಾಕಿ ಕರೆಂಟನ್ನು ಕಾರಿಗೆ ಬಿಡುತ್ತದೆ. ಟಕ್ ಎಂಬ ಸದ್ದು ಕೇಳಿದ್ದೀರಲ್ಲ, ಅದು ಆ ರಿಲೇ.

ಬಿಡುವ ಮೊದಲು ಪೆಟ್ಟಿಗೆ ಮತ್ತು ಕಾರು ಒಂದು ಸಣ್ಣ ತಂತಿಯ ಮೇಲೆ ಮಾತಾಡಿಕೊಳ್ಳುತ್ತವೆ. ಆ ತಂತಿಗೆ ಕಂಟ್ರೋಲ್ ಪೈಲಟ್ ಎಂದು ಹೆಸರು. ಪೆಟ್ಟಿಗೆ ಅದರ ಮೇಲೆ 12 ವೋಲ್ಟ್ ಇಟ್ಟು ಕಾಯುತ್ತದೆ. ಕೇಬಲ್ ತುದಿಯ ಹಿಡಿ, ಅಂದರೆ ಗನ್, ಕಾರಿಗೆ ಸಿಕ್ಕಿದಾಗ ಕಾರು ಅದನ್ನು 9 ವೋಲ್ಟಿಗೆ ಎಳೆಯುತ್ತದೆ, ಅಂದರೆ ‘ಬಂದೆ’. ಚಾರ್ಜ್ ಬೇಕಾದಾಗ 6 ವೋಲ್ಟಿಗೆ ಇಳಿಸುತ್ತದೆ, ಅಂದರೆ ‘ಬಿಡು’. ಎಷ್ಟು ಆಂಪಿಯರ್‌ವರೆಗೆ ಎಳೆಯಬಹುದು ಎಂಬುದನ್ನು ಪೆಟ್ಟಿಗೆ ಅದೇ ತಂತಿಯ ಮೇಲೆ ಸೆಕೆಂಡಿಗೆ ಸಾವಿರ ಬಾರಿ ಮಿಡಿಯುವ ಸಂಕೇತದಲ್ಲಿ ತಿಳಿಸುತ್ತದೆ. ಈ ಸಂಕೇತ ಹಿಂದಿರುಗುವ ದಾರಿ ಅರ್ತ್ ತಂತಿ. ಕೇಬಲ್‌ನೊಳಗೆ ಅರ್ತ್ ತಂತಿ ತುಂಡಾದರೆ ಮಾತುಕತೆಯೇ ನಡೆಯುವುದಿಲ್ಲ. ಪೆಟ್ಟಿಗೆಗೆ ಕಾರೇ ಕಾಣುವುದಿಲ್ಲ.

ಮೊದಲ ಹೆಜ್ಜೆ: ಏನಾಯಿತು ಎನ್ನುವುದಕ್ಕಿಂತ ಯಾವಾಗ ಆಯಿತು

ಕೆಂಪು ದೀಪ ಕಂಡೊಡನೆ ಪ್ಲಗ್ ಕೀಳಬೇಡಿ. ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ತೆಗೆಯಿರಿ. ದೀಪ ಸ್ಥಿರವಾಗಿದೆಯೇ, ಮಿನುಗುತ್ತಿದೆಯೇ, ಎಷ್ಟು ಮಿನುಗಿ ಎಷ್ಟು ಹೊತ್ತು ನಿಲ್ಲುತ್ತದೆ? ಈ ಮಿನುಗಿನ ಭಾಷೆ ಕಂಪನಿಯಿಂದ ಕಂಪನಿಗೆ ಬೇರೆ. ಅರ್ಥ ಕೈಪಿಡಿಯ ಕೊನೆಯಲ್ಲೋ ಪೆಟ್ಟಿಗೆಯ ಬೆನ್ನಿನ ಮೇಲೋ ಇರುತ್ತದೆ. ಬೇರೆ ಕಂಪನಿಯ ಪಟ್ಟಿ ನೋಡಿ ತೀರ್ಮಾನಕ್ಕೆ ಬರಬೇಡಿ.

ಅದಕ್ಕಿಂತ ಮುಖ್ಯ, ಸಮಯ. ಸಿಕ್ಕಿಸಿದ ತಕ್ಷಣ ಕೆಂಪಾದರೆ ಅರ್ತಿಂಗ್, ವೋಲ್ಟೇಜ್ ಅಥವಾ ಪೆಟ್ಟಿಗೆಯ ಸ್ವಂತ ದೋಷ. ರಿಲೇ ಟಕ್ ಎಂದ ಮರುಕ್ಷಣ ನಿಂತರೆ ಸೋರಿಕೆ ಅಥವಾ ಶಾರ್ಟ್. ಇಪ್ಪತ್ತು ನಿಮಿಷದಿಂದ ಒಂದು ಗಂಟೆ ಚೆನ್ನಾಗಿ ನಡೆದು ನಿಂತರೆ ಬಿಸಿ. ಪ್ರತಿ ಸಂಜೆ ಏಳಕ್ಕೆ ನಿಂತು ರಾತ್ರಿ ಹನ್ನೊಂದರ ಮೇಲೆ ಸರಿಹೋದರೆ ಬೀದಿಯ ವೋಲ್ಟೇಜ್. ಮಳೆ ಬಂದ ದಿನ ಮಾತ್ರ ನಿಂತರೆ ತೇವ. ಬೇಸಿಗೆಯಲ್ಲಿ ಮಾತ್ರ ನಿಂತರೆ, ನನ್ನ ಮನೆಯ ಕಥೆ. ಒಂದು ವಾರ ಕ್ಯಾಲೆಂಡರಿನ ಚೌಕದಲ್ಲಿ ಗಂಟೆ ಗುರುತು ಹಾಕಿಕೊಳ್ಳಿ. ಅರ್ಧ ರೋಗನಿರ್ಣಯ ಅಲ್ಲೇ ಆಗುತ್ತದೆ.

ಎರಡನೆಯ ಹೆಜ್ಜೆ: ಕಾರೇ ಬೇಡ ಎನ್ನುತ್ತಿದೆಯೇ?

ಪೆಟ್ಟಿಗೆ ಹಸಿರು, ಆದರೆ ಚಾರ್ಜ್ ಇಲ್ಲ ಎಂದಾದರೆ ಕಾರಿನ ಪರದೆ ನೋಡಿ. ಚಾರ್ಜಿಂಗ್ ಟೈಮರ್ ಹಾಕಿಟ್ಟು ಮರೆತಿರುವುದು ಎಲ್ಲಕ್ಕಿಂತ ಸಾಮಾನ್ಯ. ಮಕ್ಕಳು ಪರದೆ ಒತ್ತಿ ರಾತ್ರಿ ಒಂದು ಗಂಟೆಗೆ ಶುರುವಾಗುವಂತೆ ಮಾಡಿಬಿಟ್ಟಿರುತ್ತಾರೆ. ಫೋನಿನ ಆ್ಯಪ್‌ನಲ್ಲಿ ಬೇರೆಯದೇ ಟೈಮರ್ ಇರಬಹುದು. ಕಾರು ‘ರೆಡಿ’ ಸ್ಥಿತಿಯಲ್ಲಿದ್ದರೂ ಹಲವು ಮಾದರಿಗಳು ಚಾರ್ಜ್ ಆಗುವುದಿಲ್ಲ. ಆರಿಸಿ, ಬೀಗ ಹಾಕಿ, ಎರಡು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿ. ಬಿಸಿಲಿನಲ್ಲಿ ದಿನವಿಡೀ ನಿಂತು ಬಂದ ಕಾರು ಮೊದಲು ಬ್ಯಾಟರಿ ತಣಿಸಿಕೊಳ್ಳುತ್ತದೆ. ಫ್ಯಾನ್ ಸದ್ದು ಕೇಳುತ್ತಿದ್ದರೆ ತಾಳ್ಮೆಯಿಂದಿರಿ.

ಮೂರನೆಯ ಹೆಜ್ಜೆ: ಸಾಕೆಟ್

ಪ್ಲಗ್ ಕೀಳುವ ಕ್ರಮ ಹೀಗಿರಲಿ: ಮೊದಲು ಕಾರಿನಲ್ಲಿ ಚಾರ್ಜ್ ನಿಲ್ಲಿಸಿ, ಆಮೇಲೆ ಗೋಡೆಯ ಸ್ವಿಚ್ ಆರಿಸಿ, ಕೊನೆಗೆ ಪ್ಲಗ್. ಓಡುತ್ತಿರುವಾಗಲೇ ಕಿತ್ತರೆ ಸಾಕೆಟ್‌ನೊಳಗೆ ಕಿಡಿ ಹಾರಿ ಹಿತ್ತಾಳೆ ಸುಡುತ್ತದೆ. ಒಮ್ಮೆ ಸುಟ್ಟ ಹಿತ್ತಾಳೆ ಮತ್ತೆ ಬಿಗಿಯಾಗಿ ಹಿಡಿಯುವುದಿಲ್ಲ.

ಅರ್ಧ ಗಂಟೆ ಚಾರ್ಜ್ ಆದ ಮೇಲೆ ಹೀಗೆ ಆರಿಸಿ, ಪ್ಲಗ್‌ನ ಮೈಗೆ ಕೈಯ ಹಿಂಬದಿ ತಾಗಿಸಿ. ಉಗುರು ಬೆಚ್ಚಗಿದ್ದರೆ ಸಹಜ. ಮೂರು ಎಣಿಸುವಷ್ಟು ಹೊತ್ತು ಕೈ ಇಡಲಾಗದಿದ್ದರೆ ಆ ಸಾಕೆಟ್ ಮುಗಿಯಿತು. ನಮ್ಮ ಬೀದಿಯ ಒಂದು ಮನೆಯಲ್ಲಿ ಕಿತ್ತ ಸಾಕೆಟ್ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಬಲಗಡೆಯ ಫೇಸ್ ತೂತು ಹೊಸದರಂತೆ ಬೆಳ್ಳಗಿದೆ. ಎಡಗಡೆಯ ನ್ಯೂಟ್ರಲ್ ತೂತಿನ ಸುತ್ತ ಸುಟ್ಟ ಬೆಲ್ಲದ ಬಣ್ಣದ ಉಂಗುರ, ಪ್ಲಾಸ್ಟಿಕ್ ಸ್ವಲ್ಪ ಕರಗಿ ತೂತು ಮೊಟ್ಟೆಯಾಕಾರವಾಗಿದೆ. ಹಿಂದೆ ತಿರುಗಿಸಿದರೆ ನ್ಯೂಟ್ರಲ್ ತಿರುಪು ಬೆರಳಲ್ಲೇ ಸುತ್ತುತ್ತದೆ. ಇಷ್ಟಾದರೂ ಇಸ್ತ್ರಿ ಪೆಟ್ಟಿಗೆ ಅದರಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು, ಏಕೆಂದರೆ ಇಸ್ತ್ರಿ ಬಿಸಿಯಾಗಿ ಆರುತ್ತದೆ. ಕಾರು ಐದು ಗಂಟೆ ಬಿಡದೆ ಎಳೆಯುತ್ತದೆ.

ಲೆಕ್ಕ ಹಾಕಿ ನೋಡಿ. ಸಡಿಲ ತಿರುಪಿನಲ್ಲಿ ಒಂದು ಓಮ್‌ನ ಹತ್ತನೆಯ ಒಂದು ಭಾಗ ತಡೆ ಇದ್ದರೆ, 16 ಆಂಪಿಯರ್ ಹರಿಯುವಾಗ ಆ ಒಂದೇ ಜಾಗದಲ್ಲಿ 25 ವ್ಯಾಟ್‌ಗೂ ಹೆಚ್ಚು ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿಯ ತಾಕತ್ತು ಅಷ್ಟೇ. ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಬೆಸುಗೆ ಕಡ್ಡಿ ಹೊತ್ತಿಸಿಟ್ಟು ರಾತ್ರಿ ಮಲಗಿದಂತೆ. ಕರೆಂಟನ್ನು 8 ಆಂಪಿಯರ್‌ಗೆ ಇಳಿಸಿದರೆ ಶಾಖ ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಆದ್ದರಿಂದ ಸಾಕೆಟ್ ಬದಲಿಸುವವರೆಗೆ ಕಾರಿನ ಪರದೆಯಲ್ಲಿ ಅಥವಾ ಪೆಟ್ಟಿಗೆಯ ಬಟನ್‌ನಲ್ಲಿ ಆಂಪಿಯರ್ ಇಳಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಇಳಿಸಿದಾಗ ನಿಲ್ಲದೆ ನಡೆದರೆ ದೋಷ ಬಿಸಿಯದ್ದೇ. ಹಲವು ಕೇಬಲ್‌ಗಳ ಪ್ಲಗ್‌ನೊಳಗೇ ತಾಪ ಅಳೆಯುವ ಸೆನ್ಸರ್ ಇರುತ್ತದೆ. ಚಾರ್ಜ್ ನಿಲ್ಲಿಸುವುದು ಅದೇ. ಅದನ್ನು ಬೈಯುವ ಬದಲು ಧನ್ಯವಾದ ಹೇಳಬೇಕು. ಪ್ಲಗ್ ಕತ್ತರಿಸಿ ಬೇರೆ ಹಾಕಿಸಿದರೆ ಆ ಸೆನ್ಸರ್ ಹೋಗುತ್ತದೆ, ವಾರಂಟಿಯೂ ಹೋಗುತ್ತದೆ.

ಎಕ್ಸ್‌ಟೆನ್ಶನ್ ಬೋರ್ಡ್, ದಪ್ಪ ಪಿನ್ನನ್ನು 6 ಆಂಪಿಯರ್ ಸಾಕೆಟ್‌ಗೆ ಸೇರಿಸುವ ಕನ್ವರ್ಶನ್ ಪ್ಲಗ್, ಎರಡೂ ಬೇಡ. ಕಾರು ಗೇಟಿನ ಹೊರಗೆ ನಿಲ್ಲುತ್ತದೆ ಎಂಬ ಕಷ್ಟ ನನಗೂ ಗೊತ್ತು. ಆದರೂ ಬೇಡ.

ತಂತಿಯ ದಪ್ಪವನ್ನೂ ಕೇಳಿ ತಿಳಿದುಕೊಳ್ಳಿ. ಡಿಬಿಯಿಂದ ಸಾಕೆಟ್‌ಗೆ 30 ಮೀಟರ್ ದೂರವಿದ್ದು, 16 ಆಂಪಿಯರ್ ಎಳೆದರೆ 1.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಸುಮಾರು 12 ವೋಲ್ಟ್ ದಾರಿಯಲ್ಲೇ ಕರಗುತ್ತದೆ, 2.5ರಲ್ಲಿ 7, 4ರಲ್ಲಿ ನಾಲ್ಕೂವರೆ. ಹೊಸದಾಗಿ ಎಳೆಸುವುದಾದರೆ 4 ಚದರ ಮಿಲಿಮೀಟರ್, ಡಿಬಿಯಿಂದ ನೇರವಾಗಿ, ನಡುವೆ ಜಾಯಿಂಟ್ ಇಲ್ಲದೆ, ಬೇರೆ ಯಾವ ಉಪಕರಣಕ್ಕೂ ಕವಲಿಲ್ಲದೆ. ಗೀಸರ್ ಲೈನಿನಿಂದ ಕವಲು ತೆಗೆದುಕೊಡುತ್ತೇನೆ ಎನ್ನುವ ಎಲೆಕ್ಟ್ರಿಷಿಯನ್‌ಗೆ ಟೀ ಕೊಟ್ಟು ಕಳುಹಿಸಿ.

ನಾಲ್ಕನೆಯ ಹೆಜ್ಜೆ: ಮೂರು ಅಳತೆ

ಎಲೆಕ್ಟ್ರಿಷಿಯನ್ ಬಂದಾಗ ಮೂರು ಅಂಕಿ ಬರೆಸಿಕೊಳ್ಳಿ. ಮೀಟರಿನ ಮೇಲೆ ಕ್ಯಾಟ್ 3 ಎಂಬ ಸುರಕ್ಷತೆಯ ಗುರುತು ಇದ್ದರೆ ಒಳ್ಳೆಯದು. ಸಂತೆಯಲ್ಲಿ ಸಿಗುವ ಅಗ್ಗದ ಹಳದಿ ಮೀಟರಿನ ತಂತಿಗಳ ಮೇಲೆ ನನಗೆ ನಂಬಿಕೆಯಿಲ್ಲ.

ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು ಇರಬೇಕು. ಫೇಸ್ ಮತ್ತು ಅರ್ತ್ ನಡುವೆ ಹೆಚ್ಚೂಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟಿನೊಳಗೆ. ಐದು ದಾಟಿದರೆ ಅನುಮಾನಿಸಿ. ಇಪ್ಪತ್ತು ಮೂವತ್ತು ಕಂಡರೆ ಅರ್ತಿಂಗ್ ಹೆಸರಿಗೆ ಮಾತ್ರ ಇದೆ ಎಂದರ್ಥ. ಇದೇ ಅಳತೆಯನ್ನು ಅದೇ ಲೈನಿನಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿ ಮತ್ತೊಮ್ಮೆ ಮಾಡಿಸಿ. ಖಾಲಿ ಇದ್ದಾಗ ಎಲ್ಲ ತಂತಿಯೂ ಸಾಧುವೇ. ಹೊರೆ ಬಿದ್ದಾಗಲೇ ಬಣ್ಣ ಬಯಲಾಗುವುದು.

ಸಾಕೆಟ್ ಎದುರಿಗೆ ನಿಂತು, ಅರ್ತ್ ತೂತು ಮೇಲಿರುವಂತೆ ನೋಡಿದರೆ ಫೇಸ್ ಬಲಗಡೆ ಇರಬೇಕು. ಟೆಸ್ಟರ್ ಎಡಗಡೆ ಹೊತ್ತಿದರೆ ತಂತಿ ಅದಲುಬದಲಾಗಿದೆ. ಮಿಕ್ಸಿಗೆ, ಫ್ಯಾನಿಗೆ ಇದರ ಪರಿವೆಯಿಲ್ಲ. ಚಾರ್ಜರ್ ಪೆಟ್ಟಿಗೆಗಳಲ್ಲಿ ಕೆಲವು ಇದಕ್ಕೇ ಮುನಿಸಿಕೊಳ್ಳುತ್ತವೆ. ಲೋಡ್ ಹಾಕಿದಾಗ ಎರಡೂ ತೂತುಗಳಲ್ಲಿ ಟೆಸ್ಟರ್ ಹೊತ್ತಿದರೆ ನ್ಯೂಟ್ರಲ್ ಎಲ್ಲೋ ಕಡಿದಿದೆ.

ಐದನೆಯ ಹೆಜ್ಜೆ: ಅರ್ತಿಂಗ್

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮ ಮನೆಗಳ ದೊಡ್ಡ ಸುಳ್ಳು ಇರುವುದೇ ಇಲ್ಲಿ. ಸಾಕೆಟ್‌ನಲ್ಲಿ ಮೂರನೆಯ ತೂತು ಇದೆ, ಅದಕ್ಕೆ ಹಸಿರು ತಂತಿಯೂ ಇದೆ. ಆ ಹಸಿರು ತಂತಿ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿರುವುದಿಲ್ಲ. ಮೂವತ್ತು ವರ್ಷ ಹಳೆಯ ಮನೆಗಳಲ್ಲಿ ಅದು ಮೀಟರ್ ಬೋರ್ಡಿನವರೆಗೆ ಬಂದು, ತುಕ್ಕು ಹಿಡಿದ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯಾಗಿ ಮಣ್ಣಿಗೆ ಇಳಿದು, ಅಲ್ಲೇ ಕಡಿದು ನಿಂತಿರುತ್ತದೆ. ಫ್ರಿಜ್ ಮುಟ್ಟಿದರೆ ಜುಮ್ ಎನ್ನುತ್ತದೆ, ಚಪ್ಪಲಿ ಹಾಕಿಕೊಂಡರೆ ಸರಿಹೋಗುತ್ತದೆ ಎಂದು ಮನೆಯವರು ವರ್ಷಗಟ್ಟಲೆ ಹೊಂದಿಕೊಂಡಿರುತ್ತಾರೆ. ಕಾರಿನ ಪೆಟ್ಟಿಗೆ ಹೊಂದಿಕೊಳ್ಳುವುದಿಲ್ಲ.

ಮೀಟರ್ ಒಂದನ್ನೇ ನಂಬಬೇಡಿ. ಕಡಿದ ಅರ್ತ್ ತಂತಿಯಲ್ಲೂ ಅದು ನೂರು ವೋಲ್ಟ್ ಆಸುಪಾಸಿನ ಭೂತ ವೋಲ್ಟೇಜ್ ತೋರಿಸುತ್ತದೆ. ತಂತಿಯ ಒಂದೇ ಎಳೆ ಉಳಿದಿದ್ದರಂತೂ ಪೂರ್ತಿ 230 ತೋರಿಸುತ್ತದೆ. ಹಳೆಯ ಎಲೆಕ್ಟ್ರಿಷಿಯನ್‌ಗಳು ಹೋಲ್ಡರಿಗೆ ನೂರು ವ್ಯಾಟ್ ಬಲ್ಬ್ ಹಾಕಿ ಫೇಸ್ ಮತ್ತು ಅರ್ತ್ ನಡುವೆ ಹಿಡಿಯುತ್ತಾರೆ. ಬಲ್ಬ್ ಪೂರ್ತಿ ಉರಿದರೆ ಅರ್ತ್ ಒಂದಿಷ್ಟಾದರೂ ಕರೆಂಟ್ ಹೊರುತ್ತದೆ, ಮಂಕಾದರೆ ಇಲ್ಲ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇದ್ದರೆ ಬಲ್ಬ್ ಉರಿಯುವ ಮೊದಲೇ ಅದು ಬೀಳುತ್ತದೆ. ಹಾಗೆ ಬಿದ್ದರೆ ಅರ್ತ್ ತಂತಿ ಎಲ್ಲೋ ಒಂದು ಕಡೆ ಸೇರಿದೆ ಎಂದಷ್ಟೇ ಅರ್ಥ, ಚೆನ್ನಾಗಿದೆ ಎಂದಲ್ಲ. ಇದು ಅನುಭವಿಗಳ ಕೈಯಲ್ಲಿ ಆಗಬೇಕಾದ ಕೆಲಸ, ನಿಮ್ಮದಲ್ಲ. ಸರಿಯಾದ ದಾರಿ ಎಂದರೆ ಅರ್ತ್ ಟೆಸ್ಟರ್‌ನಿಂದ ಪಿಟ್‌ನ ತಡೆ ಅಳೆಸುವುದು. ಐದು ಓಮ್‌ನೊಳಗೆ ಬಂದರೆ ನಿಶ್ಚಿಂತೆ.

ಪಿಟ್ ಇದ್ದೂ ತಡೆ ಹೆಚ್ಚಿದ್ದರೆ ಮೊದಲು ನೀರು. ಪಿಟ್‌ನ ಕೊಳವೆಗೆ ಎರಡು ಬಕೆಟ್ ಸುರಿದು ಗಂಟೆ ಬಿಟ್ಟು ನೋಡಿ. ದೀಪ ಹಸಿರಾದರೆ ರೋಗ ಗೊತ್ತಾಯಿತು, ಆದರೆ ನೀರು ಮದ್ದಲ್ಲ. ಹದಿನೈದು ದಿನಕ್ಕೆ ಮತ್ತೆ ಕೆಂಪಾಗುತ್ತದೆ. ಇದ್ದಿಲು ಮತ್ತು ಉಪ್ಪು ತುಂಬಿದ ಹಳೆಯ ಪಿಟ್‌ಗಳಲ್ಲಿ ಉಪ್ಪು ಮಳೆಗೆ ಕರಗಿ ಹೋಗಿರುತ್ತದೆ, ಅದೇ ಉಪ್ಪು ಜಿಐ ಪೈಪನ್ನು ತಿಂದಿರುತ್ತದೆ. ಹೊಸದಾಗಿ ಮಾಡಿಸುವುದಾದರೆ ಎರಡೂವರೆಯಿಂದ ಮೂರು ಮೀಟರ್ ಆಳಕ್ಕೆ ಕೊಳವೆ ಇಳಿಸಿ, ತೇವ ಹಿಡಿದಿಡುವ ಮಿಶ್ರಣ ತುಂಬಿಸಿ, ಮೇಲೆ ಮುಚ್ಚಳ ತೆಗೆಯಲು ಬರುವಂತೆ ಇಟ್ಟಿಗೆಯ ಗೂಡು ಕಟ್ಟಿಸಿ. ಮುಚ್ಚಳದ ಮೇಲೆ ತುಳಸಿ ಕಟ್ಟೆ ಬರದಂತೆ ನೋಡಿಕೊಳ್ಳಿ. ಮನೆಯ ಕೆಳಗೆಲ್ಲ ಬಂಡೆ ಇದ್ದರೆ ಎರಡು ಪಿಟ್ ತೋಡಿ ಸೇರಿಸಬೇಕಾಗಬಹುದು.

ಈಗ ಅಪಾಯದ ಒಂದು ಮಾತು. ಚಾರ್ಜರ್ ‘ಅರ್ತ್ ಇಲ್ಲ’ ಎಂದಾಗ ಕೆಲವು ಎಲೆಕ್ಟ್ರಿಷಿಯನ್‌ಗಳು ಸಾಕೆಟ್‌ನೊಳಗೆ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಎರಡಿಂಚು ತಂತಿ ಹಾಕಿ ಹೋಗುತ್ತಾರೆ. ಪೆಟ್ಟಿಗೆ ಮೋಸಹೋಗುತ್ತದೆ, ಹಸಿರು ದೀಪ ಬರುತ್ತದೆ, ನೀವು ಇನ್ನೂರು ರೂಪಾಯಿ ಕೊಟ್ಟು ಕಳುಹಿಸುತ್ತೀರಿ. ಮುಂದೊಂದು ದಿನ ನ್ಯೂಟ್ರಲ್ ಸಡಿಲವಾದರೆ ಫೇಸ್‌ನ 230 ವೋಲ್ಟ್ ಪೂರ್ತಿ ಆ ಎರಡಿಂಚಿನ ಮೂಲಕ ಕಾರಿನ ಮೈಗೆ ಬರುತ್ತದೆ. ಕಾರು ನಿಂತಿರುವುದು ರಬ್ಬರ್ ಟೈರಿನ ಮೇಲೆ. ಆ ಕರೆಂಟಿಗೆ ನೆಲಕ್ಕೆ ಇಳಿಯಲು ಸಿಗುವ ದಾರಿ ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ತೆರೆಯುವವರ ಮೈ. ನೀವು ಮನೆ ಕೊಂಡಿದ್ದರೆ, ಬಾಡಿಗೆಗೆ ಬಂದಿದ್ದರೆ, ಚಾರ್ಜರ್ ಚೆನ್ನಾಗಿ ನಡೆಯುತ್ತಿದ್ದರೂ ಒಮ್ಮೆ ಸಾಕೆಟ್ ಬಿಚ್ಚಿಸಿ ಈ ಎರಡಿಂಚು ಇಲ್ಲ ಎಂದು ಖಚಿತಪಡಿಸಿಕೊಳ್ಳಿ. ನ್ಯೂಟ್ರಲ್-ಅರ್ತ್ ಅಳತೆ ಹೊರೆ ಇದ್ದಾಗಲೂ ಸೊನ್ನೆಗೆ ಸೊನ್ನೆ ಎಂದು ತೋರಿಸಿದರೆ ಸಂತೋಷಪಡದೆ ಅನುಮಾನಿಸಿ.

ಆರನೆಯ ಹೆಜ್ಜೆ: ಬೀಳುತ್ತಿರುವುದು ಯಾವುದು?

‘ಟ್ರಿಪ್ ಆಗುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ, ಯಾವುದು ಎಂದು ಹೇಳುವುದಿಲ್ಲ. ಡಿಬಿಯಲ್ಲಿ ಟೆಸ್ಟ್ ಎಂಬ ಸಣ್ಣ ಗುಂಡಿ ಇರುವುದು ಆರ್‌ಸಿಸಿಬಿ. ಅದು ಸೋರಿಕೆಗೆ ಬೀಳುತ್ತದೆ. ಗುಂಡಿ ಇಲ್ಲದ್ದು ಎಂಸಿಬಿ. ಅದು ಹೊರೆಗೆ, ಬಿಸಿಗೆ, ಶಾರ್ಟಿಗೆ ಬೀಳುತ್ತದೆ.

ಎಂಸಿಬಿ ಮುಕ್ಕಾಲು ಗಂಟೆಯ ಮೇಲೆ ಬೀಳುತ್ತಿದ್ದರೆ ಅದರ ಮೇಲಿನ ಅಂಕಿ ನೋಡಿ. 16 ಆಂಪಿಯರ್ ಎಂಸಿಬಿಯ ಮೂಲಕ 16 ಆಂಪಿಯರನ್ನೇ ಗಂಟೆಗಟ್ಟಲೆ ಎಳೆಯುತ್ತಿದ್ದೀರಿ. ಅಕ್ಕಪಕ್ಕದ ಎಂಸಿಬಿಗಳೂ ಬಿಸಿ, ಡಿಬಿ ಇರುವುದು ಪಶ್ಚಿಮದ ಗೋಡೆಯಲ್ಲಿ. ತಂತಿ 4 ಚದರ ಮಿಲಿಮೀಟರ್ ಇದ್ದರೆ 20 ಆಂಪಿಯರ್ ಎಂಸಿಬಿ ಹಾಕಿಸಬಹುದು. ತಂತಿ ಬದಲಿಸದೆ ಎಂಸಿಬಿ ಮಾತ್ರ ದೊಡ್ಡದು ಮಾಡಿದರೆ ಬೀಳುವುದು ನಿಲ್ಲುತ್ತದೆ, ಗೋಡೆಯೊಳಗಿನ ತಂತಿ ಬೇಯುವುದು ಶುರುವಾಗುತ್ತದೆ.

ಆರ್‌ಸಿಸಿಬಿಯ ಕಥೆ ಸೂಕ್ಷ್ಮ. ಇಡೀ ಮನೆಗೆ 30 ಮಿಲಿಆಂಪಿಯರ್‌ನ ಒಂದೇ ಆರ್‌ಸಿಸಿಬಿ ಇರುವ ಮನೆಗಳೇ ಹೆಚ್ಚು. ಹಳೆಯ ಗೀಸರ್ ಸ್ವಲ್ಪ ಸೋರುತ್ತದೆ, ವಾಷಿಂಗ್ ಮೆಷಿನ್ ಸ್ವಲ್ಪ, ಕಾರು ಸ್ವಲ್ಪ. ಯಾವುದೂ ಕೆಟ್ಟಿಲ್ಲ, ಮೂರೂ ಸೇರಿದಾಗ ಬೀಳುತ್ತದೆ. ಉಳಿದ ಎಂಸಿಬಿಗಳನ್ನೆಲ್ಲ ಆರಿಸಿ ಕಾರೊಂದನ್ನೇ ಹಾಕಿ ನೋಡಿ. ಬೀಳದೆ ಉಳಿದರೆ ಕಾರಿಗೆ ಬೇರೆಯದೇ ಆರ್‌ಸಿಸಿಬಿ ಕೊಡಿಸಿ. ಕೊಡಿಸುವಾಗ ‘ಎ ಟೈಪ್’ ಎಂದೇ ಕೇಳಿ. ಅಗ್ಗದ ‘ಎಸಿ ಟೈಪ್’ನ ಮೈಮೇಲೆ ಒಂದು ಅಲೆಯ ಚಿತ್ರ ಮಾತ್ರ ಇರುತ್ತದೆ, ‘ಎ ಟೈಪ್’ನಲ್ಲಿ ಅಲೆಯ ಕೆಳಗೆ ಅರ್ಧ ಅಲೆಗಳ ಗುರುತೂ ಇರುತ್ತದೆ. ಕಾರಿನ ಚಾರ್ಜರ್‌ನಂಥ ಎಲೆಕ್ಟ್ರಾನಿಕ್ ಉಪಕರಣದ ಸೋರಿಕೆಯಲ್ಲಿ ಡಿಸಿಯ ಅಂಶ ಬೆರೆತಿದ್ದರೆ ‘ಎಸಿ ಟೈಪ್’ ಬೀಳಬೇಕಾದಾಗ ಬೀಳದೆ ಕುಳಿತುಬಿಡಬಹುದು.

ಇನ್ನೊಂದು, ನಮ್ಮ ಊರುಗಳಿಗೇ ವಿಶೇಷವಾದದ್ದು. ಮನೆಗೆ ಯುಪಿಎಸ್ ಹಾಕಿಸುವಾಗ ಅದರ ನ್ಯೂಟ್ರಲನ್ನು ಸಿಕ್ಕ ನ್ಯೂಟ್ರಲ್‌ಗೆ ಸೇರಿಸಿರುತ್ತಾರೆ. ಫೇಸ್ ಆರ್‌ಸಿಸಿಬಿಯ ಮೂಲಕ ಹೋಗಿ ನ್ಯೂಟ್ರಲ್ ಬೇರೆ ದಾರಿಯಲ್ಲಿ ಮರಳಿದರೆ ಆರ್‌ಸಿಸಿಬಿಗೆ ಅದು ಸೋರಿಕೆಯೇ. ಸಣ್ಣ ಲೋಡಿಗೆ ಸುಮ್ಮನಿದ್ದು ಕಾರು ಹಾಕಿದ ಕ್ಷಣ ಬೀಳುತ್ತಿದ್ದರೆ ಈ ನ್ಯೂಟ್ರಲ್ ಕಲಬೆರಕೆಯನ್ನು ಹುಡುಕಿಸಿ. ಒಂದು ಪೂರ್ತಿ ಮಧ್ಯಾಹ್ನ ಬೇಕಾಗುತ್ತದೆ.

ಏಳನೆಯ ಹೆಜ್ಜೆ: ಬೀದಿಯ ಕರೆಂಟು

ಸಂಜೆ ಏಳರಿಂದ ಹತ್ತರವರೆಗೆ ವೋಲ್ಟೇಜ್ 190ಕ್ಕೆ ಇಳಿಯುವ, ರಾತ್ರಿ ಎರಡಕ್ಕೆ 255ಕ್ಕೆ ಏರುವ ಬಡಾವಣೆಗಳು ನಮ್ಮಲ್ಲಿವೆ. ಹಳ್ಳಿಗಳಲ್ಲಿ ಪಂಪ್‌ಸೆಟ್ ಹೊತ್ತಿಗೆ ಇನ್ನೂ ಕೆಳಗೆ. ಪೆಟ್ಟಿಗೆ ಎರಡೂ ತುದಿಗಳಲ್ಲಿ ನಿಲ್ಲುತ್ತದೆ. ಟೈಮರನ್ನು ರಾತ್ರಿ ಹನ್ನೊಂದಕ್ಕೆ ಹಾಕುವುದು ಮೊದಲ ಪರಿಹಾರ. 12 ಯೂನಿಟ್ ಬ್ಯಾಟರಿ 10 ಆಂಪಿಯರ್‌ನಲ್ಲಿ, ಅಂದರೆ 2.3 ಕಿಲೋವ್ಯಾಟ್‌ನಲ್ಲಿ, ನಷ್ಟವೂ ಸೇರಿ ಆರು ಗಂಟೆಯಲ್ಲಿ ತುಂಬುತ್ತದೆ. ಬೆಳಗ್ಗೆ ಐದಕ್ಕೆಲ್ಲ ಮುಗಿದಿರುತ್ತದೆ.

ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದೂ ನೋಡಿ. 3 ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ ಕಾರು ಮತ್ತು ಗೀಸರ್ ಒಟ್ಟಿಗೆ ನಡೆದರೆ ಆ ಮಿತಿ ದಾಟಿದಂತೆಯೇ. ಲೋಡ್ ಹೆಚ್ಚಿಸಲು ಅರ್ಜಿ ಹಾಕಿ.

ಒಂದು ಲಕ್ಷಣ ಕಂಡರೆ ಮಾತ್ರ ಯೋಚಿಸುತ್ತಾ ಕೂರಬೇಡಿ. ಮೂರು ಫೇಸ್ ಮನೆಯಲ್ಲಿ ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದರದ್ದು ಕಣ್ಣು ಕುಕ್ಕುವಷ್ಟು ಬೆಳಗಿದರೆ ಕಂಬದ ನ್ಯೂಟ್ರಲ್ ಕಡಿದಿದೆ. ಒಂದು ಫೇಸಿನಲ್ಲಿ ವೋಲ್ಟೇಜ್ 400ರ ಹತ್ತಿರಕ್ಕೂ ಹೋಗಬಹುದು. ಮೇನ್ ಸ್ವಿಚ್ ಇಳಿಸಿ, 1912ಕ್ಕೆ ಕರೆ ಮಾಡಿ.

ಅಪಾರ್ಟ್‌ಮೆಂಟ್‌ನಲ್ಲಿ ಜನರೇಟರ್ ಓಡುವಾಗ ಮಾತ್ರ ‘ಅರ್ತ್ ಇಲ್ಲ’ ಎಂದರೆ ಜನರೇಟರ್‌ನ ನ್ಯೂಟ್ರಲ್ ನೆಲಕ್ಕೆ ಸೇರಿಲ್ಲದಿರಬಹುದು. ಮನೆಯ ಯುಪಿಎಸ್ ಮೇಲೆ ಕಾರು ಹಾಕುವ ಪ್ರಯೋಗವೇ ಬೇಡ.

ಎಂಟನೆಯ ಹೆಜ್ಜೆ: ಗನ್, ಕಾರಿನ ಬಾಯಿ, ಮತ್ತು 12 ವೋಲ್ಟಿನ ಬ್ಯಾಟರಿ

ಗನ್‌ನ ತೂತುಗಳಲ್ಲಿ ಟಾರ್ಚ್ ಬಿಟ್ಟು ನೋಡಿ. ಮಲೆನಾಡಿನ ಮಳೆಗಾಲದಲ್ಲಿ ತೇವ, ಬಯಲುಸೀಮೆಯಲ್ಲಿ ಧೂಳು, ಎಲ್ಲ ಕಡೆ ಕಡಜ. ಕಡಜಕ್ಕೆ ಬೆರಳು ಹೋಗುವಷ್ಟು ತೂತು ಕಂಡರೆ ಸಾಕು, ಎರಡು ದಿನದಲ್ಲಿ ಮಣ್ಣಿನ ಗೂಡು. ಗೋಡೆಯ ಸ್ವಿಚ್ ಆರಿಸಿ, ಕೇಬಲ್ ಕಿತ್ತು, ಒಣ ಬ್ರಶ್‌ನಿಂದ ಮಾತ್ರ ತೆಗೆಯಿರಿ. ಎಣ್ಣೆ, ಸ್ಪ್ರೇ ಹಾಕಬೇಡಿ. ಗನ್ ಕ್ಲಿಕ್ ಎಂದು ಕೂರದಿದ್ದರೆ ಚಾರ್ಜ್ ಶುರುವಾಗುವುದಿಲ್ಲ. ಗನ್‌ನ ಭಾರಕ್ಕೆ ಕೇಬಲ್ ಜೋತುಬಿದ್ದು ಸಡಿಲವಾಗುತ್ತಿದ್ದರೆ ಕೇಬಲ್‌ಗೊಂದು ಕೊಕ್ಕೆ ಹಾಕಿಸಿ.

ಗನ್ ಸಿಕ್ಕಿಕೊಂಡು ಹೊರಬರದಿದ್ದರೆ ಎಳೆದಾಡಬೇಡಿ. ಚಾರ್ಜ್ ನಿಲ್ಲಿಸಿ, ಕೀಲಿಯಿಂದ ಒಮ್ಮೆ ಬೀಗ ಹಾಕಿ ತೆಗೆಯಿರಿ, ಗನ್ನನ್ನು ಒಳಕ್ಕೆ ಸ್ವಲ್ಪ ಒತ್ತಿ ಆಮೇಲೆ ಎಳೆಯಿರಿ. ಆಗಲೂ ಬಾರದಿದ್ದರೆ ಡಿಕ್ಕಿಯ ಪಕ್ಕದಲ್ಲೋ ಬಾನೆಟ್‌ನ ಕೆಳಗೋ ಕೈಯಿಂದ ಎಳೆಯುವ ದಾರ ಹಲವು ಕಾರುಗಳಲ್ಲಿದೆ; ನಿಮ್ಮದರಲ್ಲಿ ಎಲ್ಲಿದೆ ಎಂದು ಹಗಲಿನಲ್ಲೇ ನೋಡಿಟ್ಟುಕೊಳ್ಳಿ.

ಹೈಬ್ರಿಡ್‌ನವರು ಮರೆಯುವುದು ಸಣ್ಣ ಬ್ಯಾಟರಿಯನ್ನು. ದೊಡ್ಡ ಬ್ಯಾಟರಿಯ ಜೊತೆಗೆ ಮಾಮೂಲಿ 12 ವೋಲ್ಟಿನದೊಂದು ಇದ್ದೇ ಇರುತ್ತದೆ. ಪೆಟ್ಟಿಗೆಯೊಡನೆ ಮಾತಾಡುವ, ರಿಲೇ ಎಳೆಯುವ ಕಂಪ್ಯೂಟರ್‌ಗಳಿಗೆ ಕರೆಂಟ್ ಅದರಿಂದ. ಮೂರು ವಾರ ಊರಿಗೆ ಹೋಗಿ ಬಂದ ಮೇಲೆ ಚಾರ್ಜೇ ಆಗುತ್ತಿಲ್ಲ ಎಂದರೆ ಮೊದಲ ಅನುಮಾನ ಇದರ ಮೇಲೆ. ಕಾರು ಆರಿಸಿ ಕೆಲವು ಗಂಟೆಯಾದ ಮೇಲೆ 12.4 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಅದಕ್ಕೆ ಚಾರ್ಜ್ ಬೇಕು, 12ಕ್ಕಿಂತ ಕಡಿಮೆಯಾದರೆ ಬಹುಶಃ ಬದಲಿ ಬೇಕು. ಇದೇ ಮೂರು ವಾರಗಳಲ್ಲಿ ಇಲಿ ಬಾನೆಟ್‌ನೊಳಗೆ ಸಂಸಾರ ಹೂಡಿರಬಹುದು. ಪೈಲಟ್ ತಂತಿಯಂಥ ತೆಳು ತಂತಿಗಳೇ ಅದಕ್ಕೆ ಇಷ್ಟ.

ಕೊನೆಗೆ, ಸರ್ವಿಸ್ ಸೆಂಟರಿಗೆ ಹೋಗುವ ಮುನ್ನ

ಅದಲುಬದಲು ಮಾಡಿ ನೋಡಿ. ನಿಮ್ಮ ಪೆಟ್ಟಿಗೆಯನ್ನು ಹೊಸ ವೈರಿಂಗ್ ಇರುವ ಇನ್ನೊಂದು ಮನೆಯ 16 ಆಂಪಿಯರ್ ಸಾಕೆಟ್‌ಗೆ ಹಾಕಿ. ಅಲ್ಲಿ ನಡೆದರೆ ದೋಷ ನಿಮ್ಮ ಗೋಡೆಯದು. ಅಲ್ಲೂ ಕೆಂಪಾದರೆ ಕಾರನ್ನು ಮಾಲ್‌ನಲ್ಲೋ ಕಚೇರಿಯಲ್ಲೋ ಇರುವ ಟೈಪ್ 2 ಎಸಿ ಚಾರ್ಜರ್‌ಗೆ ಸಿಕ್ಕಿಸಿ. ಅಲ್ಲಿ ತುಂಬಿದರೆ ಕಾರು ಸರಿಯಿದೆ, ಪೆಟ್ಟಿಗೆ ಹೋಗಿದೆ. ಅಲ್ಲೂ ತುಂಬದಿದ್ದರೆ ಮಾತ್ರ ಕಾರಿನೊಳಗಿನ ಚಾರ್ಜರ್.

ಹೋಗುವಾಗ ದೀಪದ ವಿಡಿಯೊ, ಕ್ಯಾಲೆಂಡರಿನ ಗುರುತುಗಳು, ಎಲೆಕ್ಟ್ರಿಷಿಯನ್ ಬರೆದುಕೊಟ್ಟ ಮೂರು ಅಳತೆ, ಅದಲುಬದಲಿನ ಫಲಿತಾಂಶ, ಇಷ್ಟನ್ನೂ ಒಂದು ಹಾಳೆಯಲ್ಲಿ ಒಯ್ಯಿರಿ. ‘ಕೇಬಲ್ ಬದಲಿಸಬೇಕು’ ಎಂದರೆ, ಅವರ ಬಳಿಯ ಕೇಬಲ್ ಹಾಕಿ ನಿಮ್ಮ ಕಾರು, ನಿಮ್ಮ ಕೇಬಲ್ ಹಾಕಿ ಅವರ ಡೆಮೊ ಕಾರು ಚಾರ್ಜ್ ಮಾಡಿ ತೋರಿಸಲು ಕೇಳಿ. ಹತ್ತು ನಿಮಿಷದ ಕೆಲಸ. ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷದ ಕೋಡ್‌ಗಳ ಮುದ್ರಿತ ಪ್ರತಿಯನ್ನೂ ಕೇಳಿ ಪಡೆಯಿರಿ, ಅಳಿಸುವ ಮೊದಲು.